ಚಾವಣಿಯ ಮೇಲೆ ಬಿದ್ದ ಮಳೆ: ಮಕ್ಕಳಿಗೊಂದು ಪಾಠ

ನೀರನ್ನು ಮಿತವಾಗಿ ಬಳಸಬೇಕೆಂದು ಮಕ್ಕಳಿಗೆ ಬೋಧಿಸುವುದು ಸುಲಭ. ಆದರೆ ತಾವೇ ಅಳೆದು ತಿಳಿದುಕೊಂಡ ಸಂಗತಿ ಅವರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಅಂತಹ ಪಾಠವೊಂದನ್ನು ಯಾವ ಶಾಲೆಯಲ್ಲಾದರೂ ಖರ್ಚಿಲ್ಲದೆ ನಡೆಸಬಹುದು.

ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಮರ, ಗೋಡೆಗಳಿಂದ ದೂರವಾಗಿ ಬಯಲಿನಲ್ಲಿ ಇರಿಸಬೇಕು. ಮಳೆ ಬಂದ ಮರುದಿನ ಬೆಳಿಗ್ಗೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯಬೇಕು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯಾದರೆ ಬೀಳುವುದು ಒಂದು ಲೀಟರ್ ನೀರು. 200 ಚದರ ಮೀಟರ್ ಚಾವಣಿಯ ಮೇಲೆ 30 ಮಿಲಿಮೀಟರ್ ಮಳೆಯಾದರೆ 6,000 ಲೀಟರ್ ಆಯಿತು. ಈ ನೀರು ಎಲ್ಲಿಗೆ ಹರಿದುಹೋಯಿತೆಂಬುದನ್ನು ಮಕ್ಕಳೇ ನೋಡಿ ಬರಲಿ.

ಈ ಪ್ರಶ್ನೆಯ ಮಹತ್ವವನ್ನು ಚೆನ್ನೈ ನಗರ ಚೆನ್ನಾಗಿ ಬಲ್ಲದು. 2015ರ ಡಿಸೆಂಬರ್‌ನಲ್ಲಿ ಅಲ್ಲಿ ಭೀಕರ ಪ್ರವಾಹ ಬಂದಿತು. 2019ರ ಬೇಸಿಗೆಯಲ್ಲಿ ಅದೇ ನಗರದ ಮುಖ್ಯ ಜಲಾಶಯಗಳು ಬಹುತೇಕ ಬತ್ತಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ತಮಿಳುನಾಡಿನಲ್ಲಿ ಕಟ್ಟಡಗಳಿಗೆ ಮಳೆನೀರು ಸಂಗ್ರಹ ವ್ಯವಸ್ಥೆಯನ್ನು 2003ರಲ್ಲಿಯೇ ಕಡ್ಡಾಯಗೊಳಿಸಲಾಗಿತ್ತು. ಆದರೆ ಎಲೆ, ಕಸ ತುಂಬಿ ಕಟ್ಟಿಕೊಂಡ ಕೊಳವೆಯಿಂದ ಇಂಗುಗುಂಡಿಗೆ ನೀರು ಇಳಿಯದು. ನಿಯಮದೊಂದಿಗೆ ನಿತ್ಯದ ಎಚ್ಚರವೂ ಬೇಕು.

ಆದ್ದರಿಂದ ಮಳೆಗಾಲಕ್ಕೆ ಮುನ್ನ, ಚೆನ್ನೈಯಲ್ಲಾದರೆ ಅಕ್ಟೋಬರ್‌ಗೆ ಮೊದಲು, ಶಿಕ್ಷಕರು ಹಿರಿಯರ ನೆರವಿನಿಂದ ಚಾವಣಿ, ಕೊಳವೆ ಹಾಗೂ ಇಂಗುಗುಂಡಿಗಳನ್ನು ಶುಚಿಗೊಳಿಸಲಿ. ಮಕ್ಕಳು ಪ್ರತಿ ಮಳೆಯ ಅಳತೆಯನ್ನು ತರಗತಿಯ ಗೋಡೆಯ ಮೇಲೆ ಬರೆಯಲಿ. ಶಾಲೆಯಲ್ಲಿ ಕಲಿತ ಈ ಲೆಕ್ಕವನ್ನು ಅವರು ಮನೆಯ ಚಾವಣಿಗೂ ಅನ್ವಯಿಸಿದಾಗ ಪಾಠ ಸಾರ್ಥಕವಾಗುತ್ತದೆ.