ಔಷಧವೂ ಆಚಾರವೂ

ಸೋದರಿ, ಬ್ರಿಟಿಷ್ ಕೊಲಂಬಿಯದಲ್ಲಿ ಶುಶ್ರೂಷಕಿಯಾಗಿರುವ ನೀವು, ಮದ್ಯವ್ಯಸನದಿಂದ ಬಿಡುಗಡೆ ಬಯಸಿ ಬಂದ ಮೂಲನಿವಾಸಿ ರೋಗಿಯೊಬ್ಬರು ತಮ್ಮ ಕುಲದ ಸ್ವೇದಕುಟೀರದ (ಬಿಸಿ ಹಬೆಯಲ್ಲಿ ಬೆವರುವ ಗುಡಿಸಲಿನ) ವಿಧಿಗೆ ಹೋಗಬಯಸಿದರೆ ತಡೆಯಬೇಕೇ ಎಂದು ಕೇಳಿರುವಿರಿ. ತಡೆಯಬೇಡಿ, ಕಾಲವನ್ನು ಮಾತ್ರ ವಿವೇಚಿಸಿರಿ. ಕುಡಿತ ನಿಂತ ಮೊದಲ ಕೆಲವು ದಿನಗಳಲ್ಲಿ ಸೆಳವೂ ಸನ್ನಿಯೂ ತಲೆದೋರಬಹುದಾದುದರಿಂದ, ದೇಹದ ನೀರನ್ನು ಹೀರುವ ಆ ತಾಪವು ಆಗ ಪ್ರಾಣಾಪಾಯಕರ. ವೈದ್ಯರು ಸಮ್ಮತಿಸುವ ತನಕ ಹಿರಿಯರ ಪ್ರಾರ್ಥನೆ, ಹಾಡುಗಳು ಜೊತೆಗಿರಲಿ. ಆಚಾರವೂ ಚಿಕಿತ್ಸೆಯೂ ಜೊತೆಯಾಗಿ ಸಾಗಬಲ್ಲವು: ನಿಮ್ಮ ಪ್ರಾಂತದ ಆಲ್ಕಲಿ ಲೇಕ್ ಎಂಬ ಮೂಲನಿವಾಸಿ ಗ್ರಾಮದಲ್ಲಿ 1972ರಲ್ಲಿ ಫಿಲಿಸ್ ಚೆಲ್ಸಿಯವರೂ ಅವರ ಹಿಂದೆಯೇ ಪತಿ ಆಂಡಿಯವರೂ ಕುಡಿತವನ್ನು ತೊರೆದ ಬಳಿಕ, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಮದ್ಯವ್ಯಸನಿಗಳ ಪರಸ್ಪರ ನೆರವಿನ ಸಂಘದ ಸಭೆ, ಚಿಕಿತ್ಸಾಕೇಂದ್ರಗಳ ಜೊತೆಯಲ್ಲಿಯೇ, ಮೂಲನಿವಾಸಿ ಮಕ್ಕಳನ್ನು ಇರಿಸುತ್ತಿದ್ದ ವಸತಿಶಾಲೆಗಳು ಕಸಿದುಕೊಂಡಿದ್ದ ಆಚಾರಗಳನ್ನೂ ಮರಳಿ ಪಡೆಯುತ್ತ ಬಹುಪಾಲು ಗ್ರಾಮಸ್ಥರು ಆ ಹಾದಿಯನ್ನೇ ಹಿಡಿದರು. ಆದುದರಿಂದ ರೋಗಿಯ ಒಪ್ಪಿಗೆ ಪಡೆದು, ವಿಧಿಯನ್ನು ನಡೆಸುವ ಹಿರಿಯರಿಗೆ ಔಷಧಗಳ ವಿಚಾರವನ್ನು ವಿನಯದಿಂದ ತಿಳಿಸಿರಿ. ವಿಧಿಗಾಗಿ ಔಷಧವನ್ನು ಮಾತ್ರ ನಿಲ್ಲಿಸಗೊಡದಿರಿ.