ಮೊಸ್ತಾರ್‌ನಲ್ಲಿ ಒಂದು ರಾತ್ರಿ ಇರಿ

ಕ್ರೊಯೇಷಿಯಾದ ಡುಬ್ರೊವ್ನಿಕ್‌ನಿಂದ ಬೆಳಿಗ್ಗೆ ಹೊರಟು, ಬೋಸ್ನಿಯಾದ ಮೊಸ್ತಾರ್ ನೋಡಿ ಸಂಜೆಗೆ ಮರಳಬಹುದೇ ಎಂಬುದು ಓದುಗರೊಬ್ಬರ ಪ್ರಶ್ನೆ. ಮರಳಬಹುದು, ಆದರೆ ಮೊದಲು ವೀಸಾ ನೋಡಿಕೊಳ್ಳಬೇಕು. ಕ್ರೊಯೇಷಿಯಾ 2023ರಿಂದ ಷೆಂಗೆನ್ ವಲಯದಲ್ಲಿದೆ, ಬೋಸ್ನಿಯಾ ಅದರ ಹೊರಗೆ. ಒಂದೇ ಪ್ರವೇಶದ ಷೆಂಗೆನ್ ವೀಸಾ ಹಿಡಿದು ಗಡಿ ದಾಟಿದ ಭಾರತೀಯರಿಗೆ ವಾಪಸ್ ಬಾಗಿಲು ಮುಚ್ಚಿರುತ್ತದೆ. ಬಹುಪ್ರವೇಶದ್ದೇ ಬೇಕು.

ಅದಿದ್ದರೂ ರಾತ್ರಿ ತಂಗುವುದೇ ಜಾಣತನ. ನಡುಹಗಲಲ್ಲಿ ಟೂರಿಸ್ಟ್ ಬಸ್ಸುಗಳ ಜನ ಹಳೇ ಸೇತುವೆಯ ಮೇಲೆ ಜಾತ್ರೆಯಂತೆ ನೆರೆಯುತ್ತಾರೆ. ಒಟ್ಟೊಮನ್ನರ ಕಾಲದಲ್ಲಿ, 1566ರಲ್ಲಿ ಮುಗಿದ ಆ ಕಮಾನು 1993ರ ಯುದ್ಧದಲ್ಲಿ ಶೆಲ್ ದಾಳಿಗೆ ನೆರೆಟ್ವಾ ನದಿಗೆ ಕುಸಿದು, 2004ರಲ್ಲಿ ಮತ್ತೆ ಎದ್ದು ನಿಂತಿತು. ಮುಂಜಾನೆಯೇ ಹೋದರೆ ಅದನ್ನು ನಿಧಾನವಾಗಿ ನೋಡಬಹುದು. ಕಲ್ಲುಹಾಸು ತೀರಾ ನುಣುಪು. ಫೋಟೊಗೆಂದು ತಂದ ಚಂದದ ಚಪ್ಪಲಿ ಬ್ಯಾಗಿನಲ್ಲೇ ಇರಲಿ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಹೂರಣ ತುಂಬಿದ ತಿನಿಸಾದ ಬುರೆಕ್ ಕೇಳಿದರೆ ಮಾಂಸದ್ದೇ ಬರುತ್ತದೆ. ಚೀಸಿನ ಸಿರ್ನಿಟ್ಸಾ, ಪಾಲಕ್ಕಿನ ಜೆಲ್ಯಾನಿಟ್ಸಾ, ಆಲೂಗಡ್ಡೆಯ ಕ್ರೊಂಪಿರುಶಾ ಕೇಳಬೇಕು. ಮೊದಲೆರಡರಲ್ಲಿ ಮೊಟ್ಟೆ ಇರುವುದುಂಟು.

ಬೋಸ್ನಿಯಾದ ಹಣ ಕನ್ವರ್ಟಿಬಲ್ ಮಾರ್ಕ್; ಯೂರೊಗೆ ಸುಮಾರು 1.95 ಸಿಗುತ್ತದೆ. ಉಳಿದದ್ದನ್ನು ಗಡಿಯೊಳಗೇ ಖರ್ಚು ಮಾಡುವುದು ಲೇಸು.

ಸುತ್ತಲಿನ ಗುಡ್ಡ ಹತ್ತುವವರು ಗುರುತು ಹಾಕಿದ ಕಾಲುದಾರಿ ಬಿಡಬಾರದು. ಯುದ್ಧಕಾಲದ ನೆಲಬಾಂಬುಗಳು ಬೋಸ್ನಿಯಾದಲ್ಲಿ ಇನ್ನೂ ಪೂರ್ತಿ ತೆರವಾಗಿಲ್ಲ.