ಶರಾವತಿಯ ಕಣಿವೆ: ಬೆಳಕೂ ಮುಳುಗಡೆಯೂ

ಶರಾವತಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಜೋಗದ ಚಿತ್ರ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು, ಸುಮಾರು 830 ಅಡಿಗಳ ಧುಮುಕು; ಭೂಗೋಳದ ಪಾಠ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಜಲಪಾತದ ಮೇಲ್ಗಡೆ, ವಿಸ್ತಾರವಾದ ಜಲರಾಶಿಯ ತಳದಲ್ಲಿ, ಊರುಗಳೂ ತೋಟಗಳೂ ಅವುಗಳೊಡನೆ ಒಂದು ಇಡಿಯ ಅಣೆಕಟ್ಟೂ ಮುಳುಗಿವೆ ಎಂಬುದನ್ನು ಬಲ್ಲವರು ವಿರಳ. ಆ ಸಂಗತಿಯನ್ನೇ ನಾವು ಇಲ್ಲಿ ಅರಿತುಕೊಳ್ಳಲು ಯತ್ನಿಸೋಣ.

ಮುಂಬಯಿಯಲ್ಲಿ ಓದುವ ನಮಗೆ ಈ ನದಿ ತೀರ ಪರಕೀಯವಾದುದಲ್ಲ. 1862ರಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉತ್ತರ ಕನ್ನಡ ಜಿಲ್ಲೆಯು ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಜೋಗದ ಬಳಿ ಒಂದು ಕಡೆ ಮೈಸೂರು ಸೀಮೆ, ಮತ್ತೊಂದು ಕಡೆ ಮುಂಬಯಿ ಸೀಮೆ. ಅಲ್ಲಿಯ ಪ್ರವಾಸಿ ಬಂಗಲೆಯೊಂದಕ್ಕೆ ‘ಬಾಂಬೆ ಬಂಗಲೆ’ ಎಂಬ ಹೆಸರು ಬಂದುದು ಇದರಿಂದಲೇ.

ತೀರ್ಥಹಳ್ಳಿಯ ಸಮೀಪದ ಅಂಬುತೀರ್ಥದಲ್ಲಿ ಈ ನದಿಯ ಉಗಮ. ‘ಅಂಬು’ ಎಂದರೂ ‘ಶರ’ ಎಂದರೂ ಬಾಣವೇ. ಶ್ರೀರಾಮನು ಬಾಣ ಬಿಟ್ಟು ನೀರನ್ನು ಚಿಮ್ಮಿಸಿದನೆಂದು ಸ್ಥಳಪುರಾಣ. ನೂರಮೂವತ್ತು ಕಿಲೋಮೀಟರುಗಳಿಗಿಂತ ಕಡಿಮೆ ದೂರ ಹರಿದು ಅದು ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇಷ್ಟು ಚಿಕ್ಕ ನದಿಗೆ ಇಷ್ಟು ದೊಡ್ಡ ಇತಿಹಾಸವಿರುವುದು ಆಶ್ಚರ್ಯವೇ ಸರಿ.

ಆ ಇತಿಹಾಸದ ಮೊದಲ ವೈಭವವು ಘಟ್ಟದ ಬುಡದ ಗೇರುಸೊಪ್ಪೆಯದು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸು ಇದೇ ನದಿಯ ಮಾರ್ಗವಾಗಿ ಕಡಲಿಗೆ ಇಳಿಯುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಮೇಲೇರಿ ಬಂದಾಗ ನದಿಯ ಚೆಲುವಿಗೆ ಮಾರುಹೋದನು. ಆದರೆ ನಗರವು ಆಗಲೇ ಹಾಳುಬಿದ್ದು ಕಾಡಾಗಿತ್ತು. ಚತುರ್ಮುಖ ಬಸದಿಯೊಂದು ಇಂದಿಗೂ ಆ ಕಾಡಿನ ನಡುವೆ ನಿಂತಿದೆ.

ನದಿಗೆ ಕಟ್ಟೆ ಬಿದ್ದುದು ಬಹುಕಾಲದ ಅನಂತರ. 1902ರಿಂದ ಮೈಸೂರು ಸಂಸ್ಥಾನಕ್ಕೆ ಕಾವೇರಿಯ ಶಿವನಸಮುದ್ರದಿಂದ ವಿದ್ಯುತ್ತು ದೊರೆಯುತ್ತಿತ್ತು. ಕೈಗಾರಿಕೆಗಳು ಬೆಳೆದಂತೆ ಅದು ಸಾಲದಾಯಿತು. 1939ರಲ್ಲಿ ಜೋಗದ ಯೋಜನೆ ಆರಂಭವಾಯಿತು. ಮಳೆಗಾಲದ ನೀರನ್ನು ಹಿಡಿದಿಡಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. ಹೆಚ್ಚಾದ ನೀರು ತಾನಾಗಿಯೇ ಹೊರಹೋಗುವಂತೆ ಅದಕ್ಕೆ ದೊಡ್ಡ ಸೈಫನುಗಳನ್ನು ಇರಿಸಿದ್ದರು. 1948ರಲ್ಲಿ ವಿದ್ಯುತ್ತು ಹರಿಯಿತು. ಕೇಂದ್ರಕ್ಕೆ ಮುಂದೆ ಮಹಾತ್ಮಾ ಗಾಂಧಿಯವರ ಹೆಸರಾಯಿತು. ಪೂರ್ಣಗೊಂಡಾಗ ಅದರ ಸಾಮರ್ಥ್ಯ 120 ಮೆಗಾವಾಟ್. ಆಗಲೂ ಕೆಲವು ಊರುಗಳು ನೀರಿಗೆ ಹೋದವು.

ಇದು ಮೊದಲ ಮುಳುಗಡೆ. ಎರಡನೆಯದು ಬಲು ದೊಡ್ಡದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಸಮುದ್ರಮಟ್ಟದಿಂದ 1819 ಅಡಿಗಳವರೆಗೆ ನೀರು ನಿಲ್ಲುವ ಈ ಜಲಾಶಯದ ಸಾಮರ್ಥ್ಯ ಸುಮಾರು 151 ಟಿ.ಎಂ.ಸಿ. ಹದಿನಾರು ವರ್ಷಗಳ ಹಿಂದೆಯಷ್ಟೇ ಬೆಳಕು ಕೊಡತೊಡಗಿದ ಹಿರೇಭಾಸ್ಕರವೇ ಅದರ ಒಡಲಿಗೆ ಸೇರಿತು! ಇಲ್ಲಿಯ ನೀರು ಕಾಲುವೆಯಿಂದ ತಳಕಳಲೆಗೆ ಹೋಗಿ, ಕೊಳವೆಗಳಲ್ಲಿ ಘಟ್ಟದಿಂದ ಕೆಳಗಿಳಿದು ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಆ ಕೇಂದ್ರದ ಸಾಮರ್ಥ್ಯ 1035 ಮೆಗಾವಾಟ್. ಬಹುಕಾಲ ಇಡೀ ಕರ್ನಾಟಕದ ಕಾರ್ಖಾನೆಗಳು ಈ ಒಂದು ನದಿಯ ಮುಖ ನೋಡಿಕೊಂಡಿದ್ದವು. ಮಳೆ ತಪ್ಪಿದ ವರ್ಷ ದೂರದ ಬೆಂಗಳೂರಿನಲ್ಲಿ ದೀಪ ಆರುತ್ತಿತ್ತು.

ಹಾಗಾದರೆ ನೀರು ನಿಂತ ನೆಲದಲ್ಲಿ ಇದ್ದವರು ಏನಾದರು? ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಮಲೆನಾಡಿನ ಕೃಷಿಯನ್ನು ತಿಳಿಯದವರಿಗೆ ಈ ನಷ್ಟದ ತೂಕ ತಿಳಿಯದು. ಅಡಕೆಯ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷವಾದರೂ ಬೇಕು. ಅಜ್ಜ ನೆಟ್ಟುದನ್ನು ಮೊಮ್ಮಗ ಉಣ್ಣುವ ಬೇಸಾಯವದು. ಅಂತಹ ತೋಟಕ್ಕೆ ಹಣದ ಬೆಲೆ ಕಟ್ಟಿ, ಬೇರೆಡೆ ಕಾಡು ಕಡಿದು ಬದುಕಿರೆಂದರೆ ಅದು ಸಾಟಿಯಾದೀತೆ? ಇನ್ನು ಗೇಣಿದಾರರ ಪಾಡು ಮತ್ತೂ ಕಠಿನ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಉಳುವವನಿಗೆ ಒಡೆತನ ಕೊಡುವ ಕಾಯಿದೆ ಜಾರಿಗೆ ಬಂದುದು 1974ರಲ್ಲಿ. ನೀರು ಕಾಯಿದೆಗಿಂತ ಹತ್ತು ವರ್ಷ ಮೊದಲೇ ಬಂದಿತು. ಉತ್ತವನ ಹೆಸರು ಒಡೆತನದ ದಾಖಲೆಯಲ್ಲಿರಲಿಲ್ಲ. ನೆಲದ ಪರಿಹಾರ ಒಡೆಯನಿಗೆ ಹೋಯಿತು. ಹೊಸ ನೆಲ ಪಡೆದವರಲ್ಲಿಯೂ ಅನೇಕರ ಭೂಮಿ ಕಾಗದದ ಮೇಲೆ ಅರಣ್ಯವಾಗಿಯೇ ಉಳಿದು, ಹಕ್ಕುಪತ್ರಕ್ಕಾಗಿ ಅವರ ಮಕ್ಕಳೂ ಮೊಮ್ಮಕ್ಕಳೂ ಕಚೇರಿಗಳಿಗೆ ಅಲೆದರು.

ಈ ನೋವನ್ನು ಹತ್ತಿರದಿಂದ ಕಂಡವರು ನಾ. ಡಿಸೋಜಾ. ಸರಕಾರಿ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿದ ಅವರು ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳನ್ನು ಬರೆದರು. ಗಿರೀಶ ಕಾಸರವಳ್ಳಿಯವರು ‘ದ್ವೀಪ’ವನ್ನು ಚಲನಚಿತ್ರವಾಗಿಸಿದರು. ನಮ್ಮ ಮೇಲಿನ ತರಗತಿಯವರು ಆ ಕಾದಂಬರಿಗಳನ್ನು ಅವಶ್ಯ ಓದಬೇಕು.

ದ್ವೀಪವೆಂಬುದು ಬರಿಯ ಉಪಮೆಯಲ್ಲ. ತುಮರಿ, ಸಿಗಂದೂರುಗಳ ಸುತ್ತಲಿನ ಸೀಮೆಯನ್ನು ಹಿನ್ನೀರು ತಾಲ್ಲೂಕಿನ ಕೇಂದ್ರವಾದ ಸಾಗರದಿಂದ ಬೇರ್ಪಡಿಸಿತು. ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಹೋಗುವವರು ಲಾಂಚಿನ ವೇಳೆಯನ್ನು ಕಾದರು. ರಾತ್ರಿ ರೋಗ ಬಂದರೆ ಬೆಳಗಾಗುವುದನ್ನು ಕಾದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ಸಂಚಾರಕ್ಕೆ ತೆರೆದುದು 2025ರ ಜುಲೈ 14ರಂದು. ಅಣೆಕಟ್ಟು ಮುಗಿದು ಅಷ್ಟರಲ್ಲಿ ಅರುವತ್ತೊಂದು ವರ್ಷಗಳಾಗಿದ್ದವು.

ಮಳೆ ಕಡಿಮೆಯಾದ ವರ್ಷ, ಬೇಸಿಗೆಯ ಕೊನೆಯಲ್ಲಿ ನೀರು ತಗ್ಗಿದಾಗ, ಹಿರೇಭಾಸ್ಕರ ಅಣೆಕಟ್ಟು ಮೆಲ್ಲನೆ ತಲೆಯೆತ್ತುತ್ತದೆ. ಇಷ್ಟು ಕಾಲ ನೀರಿನಲ್ಲಿದ್ದರೂ ಅದರ ಗೋಡೆ, ಸೈಫನುಗಳು ಗಟ್ಟಿಯಾಗಿವೆ. ನೋಡಲು ಜನರು ಹೋಗುತ್ತಾರೆ. ಜೂನಿನ ಮಳೆ ಹಿಡಿದ ಮೇಲೆ ಅದು ಮತ್ತೆ ಮುಳುಗುತ್ತದೆ.